ನೈಲಾನ್ ತಂತಿಯ ಗಿಟಾರಿಗೆ ನಾರ್ಮಲ್ ಟೆನ್ಶನ್ ಸೆಟ್ಟೋ, ಹಾರ್ಡ್ ಟೆನ್ಶನ್ ಸೆಟ್ಟೋ?

ಹೊಸಬೆರಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಒಂದೂವರೆ ವರ್ಷದಿಂದ ನೈಲಾನ್ ತಂತಿಯ ಗಿಟಾರ್ ಅಭ್ಯಾಸ ಮಾಡುತ್ತಿದ್ದೇನೆ. ವಾದ್ಯ ಹೊಸದಲ್ಲ; ನನ್ನ ಕೈಗೆ ಬರುವ ಮೊದಲು ಬೇರೊಬ್ಬರು ಹತ್ತು ಹನ್ನೆರಡು ವರ್ಷ ನುಡಿಸಿದ್ದರು. ಈಗ ಅದರಲ್ಲಿರುವುದು ನಾರ್ಮಲ್ ಟೆನ್ಶನ್ (ಸಾಧಾರಣ ಬಿಗಿ) ಎಂದು ಬರೆದಿದ್ದ ಸೆಟ್; ಹಾಕಿ ಏಳು ತಿಂಗಳಾಯಿತು. ನಾಲ್ಕನೆಯ ತಂತಿಯ ಲೋಹದ ಸುತ್ತು ಎರಡನೆಯ ಫ್ರೆಟ್ಟಿನ (ಹಿಡಿಯ ಮೇಲಿನ ಅಡ್ಡ ಲೋಹದ ಪಟ್ಟಿಯ) ಮೇಲೆ ಸವೆದು ಒಳಗಿನ ಬಿಳಿ ಎಳೆಗಳು ಕಾಣತೊಡಗಿವೆ. ಆದ್ದರಿಂದ ಇಡೀ ಸೆಟ್ಟನ್ನು ಬದಲಾಯಿಸಲೇಬೇಕಾಗಿದೆ.

ಹೇಗೂ ಬದಲಾಯಿಸುವಾಗ ಮೂರು ತೊಂದರೆಗಳನ್ನು ಒಟ್ಟಿಗೆ ಬಗೆಹರಿಸಿಕೊಳ್ಳಬಹುದೇ ಎಂಬುದು ನನ್ನ ಪ್ರಶ್ನೆ. ಮೊದಲನೆಯದಾಗಿ, ಹೆಬ್ಬೆರಳಿನಿಂದ ಆರನೆಯ ತಂತಿಯನ್ನು ಸ್ವಲ್ಪ ಜೋರಾಗಿ ಮೀಟಿದರೆ ಗರಗರ ಎಂಬ ಸದ್ದು ಬರುತ್ತದೆ. ಎರಡನೆಯದಾಗಿ, ಮೂರನೆಯ ತಂತಿ, ಅಂದರೆ ಜಿ, ಅದರ ಅಕ್ಕಪಕ್ಕದ ತಂತಿಗಳಂತೆ ನುಡಿಯುವುದಿಲ್ಲ. ತೊಗಲಿನ ಮೇಲೆ ಬೆರಳು ತಟ್ಟಿದಂತೆ ಮಂಕಾಗಿ ಕೇಳಿ ಬೇಗ ಆರಿಹೋಗುತ್ತದೆ. ಮೂರನೆಯದಾಗಿ, ಒಂದನೆಯ ಫ್ರೆಟ್ಟಿನಲ್ಲಿ ಎಫ್ ಬಾರ್ ಕಾರ್ಡ್ (ತೋರುಬೆರಳನ್ನು ಎಲ್ಲ ತಂತಿಗಳ ಮೇಲೂ ಅಡ್ಡಲಾಗಿ ಒತ್ತುವ ಸ್ವರಗುಚ್ಛ) ಹಿಡಿದರೆ ನಾಲ್ಕೈದು ನಿಮಿಷದಲ್ಲಿ ಎಡಗೈ ಹೆಬ್ಬೆರಳಿನ ಬುಡ ನೋಯುತ್ತದೆ.

ಗರಗರ ಹೋಗಬೇಕಾದರೆ ಹಾರ್ಡ್ ಟೆನ್ಶನ್ ಹಾಕು ಎಂದು ಒಬ್ಬ ಸ್ನೇಹಿತ ಹೇಳುತ್ತಾನೆ. ಕೈನೋವು ಹೋಗಬೇಕಾದರೆ ಲೈಟ್ ಟೆನ್ಶನ್ ಹಾಕು ಎಂದು ಇನ್ನೊಬ್ಬ ಹೇಳುತ್ತಾನೆ. ಮೂರನೆಯವನು ಸ್ಟೀಲ್ ತಂತಿಯನ್ನೇ ಹಾಕಿಬಿಡು, ನಾದ ತುಂಬಿಬರುತ್ತದೆ ಎಂದ. ಮೂವರಲ್ಲಿ ಯಾರ ಮಾತನ್ನು ಕೇಳಲಿ? ಅಂಗಡಿಯವರನ್ನು ಕೇಳಿದರೆ ಎಲ್ಲವೂ ಚೆನ್ನಾಗಿದೆ ಎನ್ನುತ್ತಾರೆ.

ಲೆಕ್ಕದವರು:

ಮೂರನೆಯ ಸ್ನೇಹಿತರ ಮಾತನ್ನು ಮೊದಲು ಪಕ್ಕಕ್ಕಿಡೋಣ. ನೈಲಾನ್ ತಂತಿಗಾಗಿಯೇ ಕಟ್ಟಿದ ವಾದ್ಯದ ಮೇಲೆ ಆರೂ ತಂತಿಗಳ ಒಟ್ಟು ಎಳೆತ ಸುಮಾರು 38ರಿಂದ 41 ಕಿಲೋಗ್ರಾಂ ಇರುತ್ತದೆ. ಸ್ಟೀಲ್ ತಂತಿಗಳ ಸಾಧಾರಣ ಲೈಟ್ ಸೆಟ್ ಕೂಡ 70 ಕಿಲೋಗ್ರಾಂ ದಾಟುತ್ತದೆ. ತೆಳುವಾದ ಮೇಲ್ಹಲಗೆಗೆ ಅಂಟಿಸಿರುವ, ತಂತಿಗಳನ್ನು ಕಟ್ಟುವ ಬ್ರಿಡ್ಜ್ ಆ ಹೊರೆಯನ್ನು ಹೊರಲು ಆದದ್ದಲ್ಲ. ಹಾಕಿದ ದಿನ ನಾದ ತುಂಬಿಬಂದೀತು. ಆದರೆ ಕ್ರಮೇಣ ಹಲಗೆ ಉಬ್ಬುತ್ತದೆ, ಬ್ರಿಡ್ಜ್ ಕಿತ್ತು ಬರುತ್ತದೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ತಂತಿಯ ಎಳೆತವು ಮೂರೇ ಸಂಗತಿಗಳನ್ನು ಅವಲಂಬಿಸಿದೆ: ತಂತಿಯ ಪ್ರತಿ ಮೀಟರಿನ ತೂಕ, ನಟ್‌ನಿಂದ ಸ್ಯಾಡಲ್‌ವರೆಗೆ (ಹಿಡಿಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯಿಂದ ಬ್ರಿಡ್ಜಿನ ಮೇಲೆ ತಂತಿ ಕೂರುವ ಪಟ್ಟಿಯವರೆಗೆ) ಮಿಡಿಯುವ ಭಾಗದ ಉದ್ದ, ಮತ್ತು ನೀವು ಕೂಡಿಸುವ ಶ್ರುತಿ. ಇವುಗಳಲ್ಲಿ ಉದ್ದ ಮತ್ತು ಶ್ರುತಿ ವರ್ಗದ ಲೆಕ್ಕದಲ್ಲಿ (ತಮ್ಮಿಂದಲೇ ತಮ್ಮನ್ನು ಗುಣಿಸಿದಂತೆ) ಬರುತ್ತವೆ. ಆದ್ದರಿಂದ ಅವುಗಳಲ್ಲಿ ಸಣ್ಣ ವ್ಯತ್ಯಾಸವಾದರೂ ಕೈಗೆ ತಿಳಿಯುತ್ತದೆ. ಸಾಮಾನ್ಯವಾದ 650 ಮಿಲಿಮೀಟರ್ ಉದ್ದದ ವಾದ್ಯದ ಬದಲು 640 ಮಿಲಿಮೀಟರಿನ ವಾದ್ಯಕ್ಕೆ ಅದೇ ಸೆಟ್ಟನ್ನು ಹಾಕಿದರೆ ಎಳೆತ ಶೇಕಡಾ 3ರಷ್ಟು ಕಡಿಮೆಯಾಗುತ್ತದೆ. 630ಕ್ಕೆ ಹಾಕಿದರೆ ಶೇಕಡಾ 6ರಷ್ಟು. ಎಲ್ಲ ತಂತಿಗಳನ್ನು ಅರ್ಧ ಸ್ವರ ಕೆಳಗಿಳಿಸಿದರೆ ಶೇಕಡಾ 11ರಷ್ಟು, ಪೂರ್ಣ ಸ್ವರ ಇಳಿಸಿದರೆ ಶೇಕಡಾ 20ಕ್ಕಿಂತ ತುಸು ಹೆಚ್ಚೇ ಕಡಿಮೆಯಾಗುತ್ತದೆ.

ಇವುಗಳ ಮುಂದೆ ಪೊಟ್ಟಣದ ಮೇಲಿನ ನಾರ್ಮಲ್, ಹಾರ್ಡ್ ಎಂಬ ಪದಗಳ ನಡುವಿನ ಅಂತರ ಎಷ್ಟು ಕಿರಿದು ಎಂಬುದನ್ನು ನೋಡಿ. ಉದಾಹರಣೆಗೆ ಡಿ'ಅಡ್ಡಾರಿಯೊ ಕಂಪನಿಯ ಇಜೆ45 ನಾರ್ಮಲ್ ಸೆಟ್, ಇಜೆ46 ಹಾರ್ಡ್ ಸೆಟ್. ನಾರ್ಮಲ್ ಸೆಟ್ಟಿನ ಮೊದಲ ತಂತಿಯ ದಪ್ಪ 0.028 ಇಂಚು, ಹಾರ್ಡ್ ಸೆಟ್ಟಿನದು 0.0285 ಇಂಚು. ಈ ವ್ಯತ್ಯಾಸ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಎಳೆತದ ಲೆಕ್ಕದಲ್ಲಿ ಶೇಕಡಾ 4ರ ಆಸುಪಾಸು. ಜೊತೆಗೆ ಈ ಪದಗಳಿಗೆ ಎಲ್ಲ ತಯಾರಕರೂ ಒಪ್ಪಿಕೊಂಡ ಅಳತೆ ಯಾವುದೂ ಇಲ್ಲ. ಒಬ್ಬರ ಹಾರ್ಡ್ ಮತ್ತೊಬ್ಬರ ನಾರ್ಮಲ್ಲಿಗೆ ಹತ್ತಿರವಾಗಿರಬಹುದು. ಪೊಟ್ಟಣದ ಹಿಂಬದಿಯಲ್ಲಿ ಪ್ರತಿ ತಂತಿಯ ಎಳೆತವನ್ನು ಕಿಲೋಗ್ರಾಂ ಅಥವಾ ಪೌಂಡುಗಳಲ್ಲಿ ಮುದ್ರಿಸಿದ್ದರೆ ಅದನ್ನು ಓದಿ ಹೋಲಿಸಿ. ಮುಂಬದಿಯ ಬಣ್ಣವನ್ನೂ ಪದವನ್ನೂ ನಂಬಬೇಡಿ.

ಆ ಅಂಕಿಗಳಲ್ಲೇ ನಿಮ್ಮ ಮೂರನೆಯ ತಂತಿಯ ಗುಟ್ಟೂ ಇದೆ. ನಾರ್ಮಲ್ ಸೆಟ್ಟಿನಲ್ಲಿ ಮೊದಲನೆಯ ತಂತಿಯ ಎಳೆತ 7 ಕಿಲೋಗ್ರಾಮಿನ ಹತ್ತಿರ ಇರುತ್ತದೆ, ಎರಡನೆಯ ಮತ್ತು ಮೂರನೆಯ ತಂತಿಗಳದು ಐದೂವರೆಯ ಹತ್ತಿರ. ಅಂದರೆ ಜಿ ತಂತಿ ಆರರಲ್ಲಿ ಅತಿ ದಪ್ಪನೆಯ ಒಂಟಿ ನೈಲಾನ್ ಎಳೆಯಾಗಿದ್ದೂ (ಸುಮಾರು 1 ಮಿಲಿಮೀಟರ್) ಎಳೆತದಲ್ಲಿ ಸಡಿಲ ತಂತಿಗಳ ಪೈಕಿ ನಿಲ್ಲುತ್ತದೆ. ದಪ್ಪ ಹೆಚ್ಚಿದಂತೆ ತಂತಿ ಬಾಗಲು ಒಡ್ಡುವ ವಿರೋಧವೂ ಬಹಳ ಬೇಗ ಏರುವುದರಿಂದ ಅದರ ಮೇಲಿನ ಸ್ವರಾಂಶಗಳು ಮಂಕಾಗುತ್ತವೆ, ಫ್ರೆಟ್ಟಿನ ಮೇಲೆ ಒತ್ತಿದಾಗ ಶ್ರುತಿ ತುಸು ಮೇಲೇರುತ್ತದೆ. ಹಾರ್ಡ್ ಸೆಟ್ ಹಾಕಿದರೆ ಆ ತಂತಿ ಇನ್ನೂ ದಪ್ಪವಾಗುತ್ತದೆಯೇ ಹೊರತು ಈ ದೋಷ ಹೋಗುವುದಿಲ್ಲ.

ಸೆಟ್ ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ ನೋಡಿ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಒಂದು ದಿನ ನುಡಿಸಿ. ಹೆಚ್ಚಿನ ಲೈಟ್ ಸೆಟ್ಟುಗಳಲ್ಲಿ ಸಿಗದಷ್ಟು ಸಡಿಲ ಅದರಲ್ಲಿ ಸಿಗುತ್ತದೆ. ಆಗಲೂ ಎಫ್ ಹಿಡಿಯುವಾಗ ಕೈ ನೊಂದರೆ ಕಾರಣ ತಂತಿಯ ಎಳೆತವಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಅರ್ಧ ಸ್ವರ ಮೇಲೇರಿಸಿ ನೋಡುವ ಪ್ರಯೋಗ ಮಾತ್ರ ಬೇಡ; ಹಳೆಯ ವಾದ್ಯದ ಮೇಲೆ ಒಮ್ಮೆಲೇ ಶೇಕಡಾ 12ರಷ್ಟು ಹೊರೆ ಹೇರಿದಂತಾಗುತ್ತದೆ.

ಮರ ಮತ್ತು ಅಂಟು:

ನಾನು ವಾದ್ಯಗಳನ್ನು ರಿಪೇರಿ ಮಾಡುವವನು. ತಂತಿಯ ಟೆನ್ಶನ್ ಬದಲಾಯಿಸಬೇಕು ಎಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ವಾದ್ಯದಲ್ಲಿ ತಂತಿಯದು ತಪ್ಪೇ ಇರುವುದಿಲ್ಲ. ಹಾಗಾಗಿ ಪೊಟ್ಟಣ ಬಿಚ್ಚುವ ಮೊದಲು ಮೂರು ಕಡೆ ಕಣ್ಣಾಡಿಸಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲು ಬ್ರಿಡ್ಜಿನ ಹಿಂದೆ ನೋಡಿ. ಆರನೆಯ ತಂತಿಯನ್ನು ಗಂಟು ಹಾಕಿದ ಮೇಲೆ ಉಳಿಯುವ ತುದಿ ಮೇಲ್ಹಲಗೆಗೆ ತಾಗುತ್ತಿದೆಯೇ? ತಾಗುತ್ತಿದ್ದರೆ ತಂತಿ ಮಿಡಿದಾಗಲೆಲ್ಲ ಆ ತುದಿ ಹಲಗೆಯನ್ನು ಕುಟ್ಟುತ್ತದೆ, ಗರಗರ ಎನ್ನುತ್ತದೆ. ಅದನ್ನು ಫ್ರೆಟ್ಟಿನ ಸದ್ದೆಂದು ತಿಳಿದು ಸ್ಯಾಡಲ್ ಎತ್ತರಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ತುದಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು ಮತ್ತೆ ಮೀಟಿ. ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ.

ಎರಡನೆಯದು ನಟ್. ಎಫ್ ಬಾರ್ ಒಂದನೆಯ ಫ್ರೆಟ್ಟಿನಲ್ಲಿ ಮಾತ್ರ ಕಷ್ಟವೋ ಅಥವಾ ಅದೇ ಆಕಾರವನ್ನು ಐದನೆಯ ಫ್ರೆಟ್ಟಿನಲ್ಲಿ ಹಿಡಿದರೂ ಕಷ್ಟವೋ ಎಂಬುದನ್ನು ನೀವು ಬರೆದಿಲ್ಲ. ಒಂದನೆಯದರಲ್ಲಿ ಮಾತ್ರ ಕಷ್ಟವಾದರೆ ನಟ್‌ನ ಗಾಡಿಗಳು (ತಂತಿ ಕೂರುವ ಸೀಳುಗಳು) ಬೇಕಾದಷ್ಟು ಆಳವಿಲ್ಲ ಎಂದೇ ನನ್ನ ಅನುಮಾನ. ಪ್ರತಿ ತಂತಿಯನ್ನೂ ಎರಡನೆಯ ಮತ್ತು ಮೂರನೆಯ ಫ್ರೆಟ್ಟುಗಳ ನಡುವೆ ಒತ್ತಿ, ಒಂದನೆಯ ಫ್ರೆಟ್ಟಿನ ಮೇಲೆ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಬೆಳಕು ಕಾಣುತ್ತದೆ ನೋಡಿ. ಕಂಡೂ ಕಾಣದಂತಿದ್ದರೆ ಸರಿ. ಒಂದು ಕಾಗದದ ಹಾಳೆ ಸಲೀಸಾಗಿ ಆಡುವಷ್ಟಿದ್ದರೆ ನಟ್ ಎತ್ತರವಾಗಿದೆ. ಇನ್ನೊಂದು ದಾರಿಯೂ ಇದೆ. ಒಂದನೆಯ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಅದೇ ಬಾರ್ ಆಕಾರವನ್ನು ಎರಡನೆಯ ಫ್ರೆಟ್ಟಿನಲ್ಲಿ ಹಿಡಿಯಿರಿ. ಕೇಪೋ ಹಾಕಿದಾಗ ನಟ್‌ನ ಎತ್ತರ ಲೆಕ್ಕಕ್ಕೇ ಬರುವುದಿಲ್ಲ. ಆಗ ಕೈ ಹಗುರಾದರೆ ದೋಷ ಎಲ್ಲಿದೆ ಎಂಬುದು ಗೊತ್ತಾದಂತೆ.

ಮೂರನೆಯದು ಹನ್ನೆರಡನೆಯ ಫ್ರೆಟ್. ಅಲ್ಲಿ ಫ್ರೆಟ್ಟಿನ ನೆತ್ತಿಯಿಂದ ತಂತಿಯ ತಳದವರೆಗೆ ಮೊದಲನೆಯ ತಂತಿಗೆ ಸುಮಾರು 3 ಮಿಲಿಮೀಟರ್, ಆರನೆಯದಕ್ಕೆ ಸುಮಾರು 4 ಮಿಲಿಮೀಟರ್ ಇದ್ದರೆ ಅದು ಈ ಬಗೆಯ ವಾದ್ಯಕ್ಕೆ ವಾಡಿಕೆಯ ಅಳತೆ. ಸ್ಟೀಲ್ ತಂತಿಯ ಗಿಟಾರಿಗಿಂತ ಇದು ಹೆಚ್ಚೇ, ಯಾಕೆಂದರೆ ನೈಲಾನ್ ತಂತಿ ಮಿಡಿಯುವಾಗ ಅಗಲವಾಗಿ ತೂಗುತ್ತದೆ, ಅದಕ್ಕೆ ಜಾಗ ಬೇಕು. ಇಲ್ಲಿ ಅರ್ಧ ಮಿಲಿಮೀಟರ್ ಇಳಿಸಬೇಕಾದರೆ ಸ್ಯಾಡಲ್ಲಿನ ತಳದಲ್ಲಿ ಸುಮಾರು 1 ಮಿಲಿಮೀಟರ್ ಉಜ್ಜಬೇಕಾಗುತ್ತದೆ ಎಂಬುದನ್ನು ನೆನಪಿಡಿ.

ಹಾರ್ಡ್ ಸೆಟ್ ಬಗ್ಗೆ ಒಂದು ಮಾತು. ಎಳೆತ ಹೆಚ್ಚಾದರೆ ಅದೇ ಹೊಡೆತಕ್ಕೆ ತಂತಿ ಕಡಿಮೆ ಅಗಲವಾಗಿ ತೂಗುತ್ತದೆ, ಆದ್ದರಿಂದ ಫ್ರೆಟ್ಟಿಗೆ ತಗಲುವುದು ಕಡಿಮೆಯಾಗುತ್ತದೆ. ನಿಮ್ಮ ಮೊದಲ ಸ್ನೇಹಿತರು ಹೇಳಿದ್ದರಲ್ಲಿ ಅಷ್ಟು ನಿಜವಿದೆ. ಆದರೆ ಈ ಬಗೆಯ ಎಷ್ಟೋ ಗಿಟಾರುಗಳ ನೆಕ್ಕಿನೊಳಗೆ (ಹಿಡಿಯೊಳಗೆ) ಟ್ರಸ್ ರಾಡ್ ಎಂಬ ಲೋಹದ ಕಂಬಿ ಇರುವುದಿಲ್ಲ. ಹೊರೆ ಹೆಚ್ಚಾದಾಗ ನೆಕ್ ಒಂದಿಷ್ಟು ಮುಂದಕ್ಕೆ ಬಾಗಿದರೆ ಅದನ್ನು ಹಿಂದಕ್ಕೆಳೆಯುವ ತಿರುಪು ನಿಮ್ಮ ಕೈಯಲ್ಲಿರುವುದಿಲ್ಲ. ಆಗ ತಂತಿ ಬಿಗಿಯೂ ಆಯಿತು, ಎತ್ತರವೂ ಆಯಿತು. ಈಗಲೇ ನೋಯುವ ಕೈಗೆ ಎರಡು ಕಡೆಯಿಂದ ಪೆಟ್ಟು. ಹತ್ತು ಹನ್ನೆರಡು ವರ್ಷದ ವಾದ್ಯಕ್ಕೆ ನಾನಂತೂ ನಾರ್ಮಲ್ಲನ್ನೇ ಹಾಕುತ್ತೇನೆ. ಬ್ರಿಡ್ಜಿನ ಹಿಂಭಾಗದ ಅಂಚಿನಲ್ಲಿ ತೆಳ್ಳನೆಯ ಕಾಗದ ತೂರುತ್ತದೆಯೇ ಎಂಬುದನ್ನೂ ಒಮ್ಮೆ ನೋಡಿಬಿಡಿ. ತೂರಿದರೆ ಅಂಟು ಬಿಡುತ್ತಿದೆ ಎಂದರ್ಥ. ಆಗ ಬೇರೆ ಮಾತೆಲ್ಲ ಆಮೇಲೆ.

ಇಳಿಶ್ರುತಿ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಲೈಟ್ ಟೆನ್ಶನ್ನಿನ ಪರವಾಗಿ ಮಾತಾಡುವವರು ಯಾರೂ ಇಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಬಿಗಿ ಹೆಚ್ಚಾದಷ್ಟೂ ನಾದ ದೊಡ್ಡದು ಎಂಬ ನಂಬಿಕೆ ಅನೇಕರಲ್ಲಿದೆ. ಹಗುರವಾದ ಮೇಲ್ಹಲಗೆಯ ವಾದ್ಯಗಳಲ್ಲಿ ಅದು ಯಾವಾಗಲೂ ಸರಿಯಲ್ಲ. ಹೊರೆ ಹೆಚ್ಚಾದರೆ ಕೆಲವು ವಾದ್ಯಗಳು ಉಸಿರು ಕಟ್ಟಿದಂತೆ ನುಡಿಯುತ್ತವೆ. ನಾನು ಆರು ವರ್ಷ ಹಾರ್ಡ್ ಸೆಟ್ಟಿನಲ್ಲೇ ನುಡಿಸಿ, ಆಮೇಲೆ ಲೈಟ್ ಸೆಟ್ಟಿಗೆ ಬಂದವನು. ಮೊದಲ ವಾರ ಬಲಗೈ ಬೆರಳುಗಳು ತಂತಿಯೊಳಗೆ ಮುಳುಗಿಹೋಗುತ್ತಿವೆ ಎನ್ನಿಸಿತು. ಎರಡನೆಯ ವಾರಕ್ಕೆ ಮೀಟುವ ಬಲವನ್ನು ಕಡಿಮೆ ಮಾಡಿಕೊಂಡೆ, ಗಮಕದಂತೆ ಸ್ವರವನ್ನು ತೂಗಿಸುವುದು ಎಷ್ಟೋ ಸುಲಭವಾಯಿತು. ಸಡಿಲ ತಂತಿಯನ್ನು ಒತ್ತಿ ಅಲುಗಿಸಿದರೆ ಶ್ರುತಿ ಹೆಚ್ಚು ಓಲಾಡುತ್ತದೆ. ಅದರ ಅನಾನುಕೂಲವೂ ಅಲ್ಲೇ ಇದೆ: ಎಡಗೈ ಅಗತ್ಯಕ್ಕಿಂತ ಗಟ್ಟಿಯಾಗಿ ಒತ್ತಿದರೆ ಅಪಶ್ರುತಿ ಬೇಗ ಕೇಳಿಸುತ್ತದೆ. ಜೋರಾಗಿ ಮೀಟುವ ಹೆಬ್ಬೆರಳು ನಿಮ್ಮದಾದರೆ ಲೈಟ್ ಸೆಟ್ ನಿಮ್ಮ ಗರಗರವನ್ನು ಹೆಚ್ಚಿಸುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಮೂರನೆಯ ತಂತಿಗೆ ಮಾತ್ರ ಟೆನ್ಶನ್ ಮದ್ದಲ್ಲ, ಪದಾರ್ಥವೇ ಮದ್ದು. ಕಾರ್ಬನ್ ಎಂದು ಮಾರುವ ತಂತಿಗಳು ಕಾರ್ಬನ್ ನಾರಿನವಲ್ಲ. ಅವು ಫ್ಲೂರೋಕಾರ್ಬನ್ ಎಂಬ ಪ್ಲಾಸ್ಟಿಕ್ಕಿನವು, ಮೀನಿನ ಗಾಳದ ದಾರಕ್ಕೂ ಅದನ್ನೇ ಬಳಸುತ್ತಾರೆ. ಆ ಪದಾರ್ಥ ನೈಲಾನಿಗಿಂತ ಸುಮಾರು ಒಂದೂವರೆ ಪಟ್ಟು ಸಾಂದ್ರ. ಹೀಗಾಗಿ ಅದೇ ತೂಕದ, ಅದೇ ಎಳೆತದ ತಂತಿಯನ್ನು ಸುಮಾರು ಐದನೆಯ ಒಂದು ಭಾಗ ತೆಳ್ಳಗೆ ಮಾಡಬಹುದು. 1 ಮಿಲಿಮೀಟರಿನ ಜಿ ತಂತಿ 0.83 ಮಿಲಿಮೀಟರಿನ ಹತ್ತಿರಕ್ಕೆ ಇಳಿಯುತ್ತದೆ, ಅದರೊಂದಿಗೆ ಆ ತೊಗಲು ತಟ್ಟಿದ ಸದ್ದೂ ಬಹುಪಾಲು ಇಳಿಯುತ್ತದೆ. ನಾನು ಒಮ್ಮೆ ಶ್ರುತಿಯಲ್ಲಿ ಮೇಲಿನ ಮೂರೂ ತಂತಿಗಳನ್ನು ಕಾರ್ಬನ್ನಿನವೇ ಹಾಕಿ ನೋಡಿದೆ. ಮೊದಲನೆಯ ತಂತಿ ಕಿವಿಗೆ ಚುಚ್ಚುವಷ್ಟು ಚೂಪಾಯಿತು. ಅದನ್ನೂ ಎರಡನೆಯದನ್ನೂ ಮತ್ತೆ ನೈಲಾನಿಗೆ ಬದಲಾಯಿಸಿ ಮೂರನೆಯದನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆ. ಅನೇಕರು ಹೀಗೆಯೇ ಮಾಡುತ್ತಾರೆ. ಕೆಲವು ತಯಾರಕರು ಹೀಗೆ ಬೆರೆಸಿದ ಸೆಟ್ಟುಗಳನ್ನೇ ಮಾರುತ್ತಾರೆ.

ವಿಷಯಕ್ಕೆ ಸ್ವಲ್ಪ ಹೊರಗಿನದಾದರೂ ಹೇಳುತ್ತೇನೆ: ಈ ತಂತಿಯ ಮೇಲಿನ ಜಗಳ ನೈಲಾನಿನಷ್ಟೇ ಹಳೆಯದು. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಮೇಲಿನ ಮೂರು ತಂತಿಗಳು ಪ್ರಾಣಿಗಳ ಕರುಳಿನವು. ಯುದ್ಧಕಾಲದಲ್ಲಿ ಕರುಳಿನ ದಾರವೆಲ್ಲ ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಹೋಗತೊಡಗಿದಾಗ ತಂತಿಗೆ ಬರ ಬಂತು. ನ್ಯೂಯಾರ್ಕಿನ ಆಲ್ಬರ್ಟ್ ಅಗಸ್ಟೀನ್ ಡ್ಯುಪಾಂಟ್ ಕಂಪನಿಯ ನೈಲಾನ್ ಎಳೆಯಿಂದ ತಂತಿ ಮಾಡಲು ಹೊರಟರು, ಅವರ ಬೆನ್ನಿಗೆ ನಿಂತವರು ಗಿಟಾರ್ ವಾದಕ ಆಂಡ್ರೆಸ್ ಸೆಗೋವಿಯಾ. 1940ರ ದಶಕದ ಕೊನೆಯ ಹೊತ್ತಿಗೆ ಆ ತಂತಿಗಳು ಮಾರುಕಟ್ಟೆಗೆ ಬಂದವು. ನೈಲಾನ್ ಕರುಳಿಗಿಂತ ಹಗುರವಾದ ಪದಾರ್ಥ, ಆದ್ದರಿಂದ ಜಿ ತಂತಿಯನ್ನು ಇನ್ನಷ್ಟು ದಪ್ಪ ಮಾಡಬೇಕಾಯಿತು. ನಾವು ಇಂದು ಬೈಯುತ್ತಿರುವುದು ಆ ದಪ್ಪವನ್ನೇ.

ಹೊಸಬೆರಳು:

ಮೂವರಿಗೂ ಧನ್ಯವಾದ. ನಿನ್ನೆ ಮತ್ತು ಇಂದು ಕುಳಿತು ನೀವು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ನಟ್‌ನಿಂದ ಹನ್ನೆರಡನೆಯ ಫ್ರೆಟ್ಟಿಗೆ 325 ಮಿಲಿಮೀಟರ್ ಬಂತು, ಅದನ್ನು ಎರಡರಿಂದ ಗುಣಿಸಿದರೆ 650. ಬ್ರಿಡ್ಜಿನ ಅಂಚಿನಲ್ಲಿ ಕಾಗದ ಎಲ್ಲೂ ತೂರಲಿಲ್ಲ.

ಆರನೆಯ ತಂತಿಯ ಬಾಲ ನಿಜಕ್ಕೂ ಹಲಗೆಗೆ ತಾಗುತ್ತಿತ್ತು. ಅದು ತಾಗಿದ ಜಾಗದಲ್ಲಿ ಪಾಲಿಶ್ ಮಾಸಿ ಸಾಸಿವೆ ಕಾಳಿನಷ್ಟು ಮಚ್ಚೆಯೇ ಬಿದ್ದಿದೆ. ಏಳು ತಿಂಗಳು ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬಾಲವನ್ನು ಉಗುರು ಕತ್ತರಿಯಿಂದ ಕತ್ತರಿಸಿದ ಕೂಡಲೇ ಗರಗರ ಮುಕ್ಕಾಲು ಪಾಲು ಹೋಯಿತು. ಅತಿ ಜೋರಾಗಿ ಮೀಟಿದರೆ ಮಾತ್ರ ಒಂದಿಷ್ಟು ಉಳಿದಿದೆ, ಅದು ನನ್ನ ಹೆಬ್ಬೆರಳಿನ ತಪ್ಪೇ ಇರಬೇಕು.

ಹನ್ನೆರಡನೆಯ ಫ್ರೆಟ್ಟಿನಲ್ಲಿ ಅಳತೆ 3.1 ಮತ್ತು 4.1 ಬಂತು, ಅಂದರೆ ಸ್ಯಾಡಲ್ ಸರಿಯಾಗಿಯೇ ಇದೆ. ನಟ್ ಸರಿ ಇಲ್ಲ. ಎರಡು ಮತ್ತು ಮೂರರ ನಡುವೆ ಒತ್ತಿದಾಗ ಒಂದನೆಯ ಫ್ರೆಟ್ಟಿನ ಮೇಲೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಎರಡನೆಯ ಮತ್ತು ಮೂರನೆಯ ತಂತಿಗಳಲ್ಲಿದೆ. ಕೇಪೋ ಹಾಕಿ ಎರಡನೆಯ ಫ್ರೆಟ್ಟಿನಲ್ಲಿ ಬಾರ್ ಹಿಡಿದರೆ ಹತ್ತು ನಿಮಿಷವಾದರೂ ಕೈ ನೋಯಲಿಲ್ಲ. ಅರ್ಧ ಸ್ವರ ಇಳಿಸಿಯೂ ನೋಡಿದೆ. ಒಂದನೆಯ ಫ್ರೆಟ್ಟಿನ ಬಾರ್ ತುಸು ಮೆತ್ತಗಾದರೂ ನೋವು ಹೋಗಲಿಲ್ಲ, ಮೇಲಾಗಿ ಆರನೆಯ ತಂತಿ ಮತ್ತೆ ಫ್ರೆಟ್ಟುಗಳಿಗೆ ಬಡಿಯತೊಡಗಿತು. ಹಾಗಾಗಿ ಲೈಟ್ ಸೆಟ್ ನನಗೆ ಆಗುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಮತ್ತೆ ನಾರ್ಮಲ್ ಸೆಟ್ಟನ್ನೇ ತಂದು, ಜಿ ಒಂದನ್ನು ಬಿಡಿಯಾಗಿ ಕಾರ್ಬನ್ನಿನದು ಹಾಕುತ್ತೇನೆ.

ಎರಡು ಸಂದೇಹಗಳು ಉಳಿದಿವೆ. ನಟ್‌ನ ಗಾಡಿಯನ್ನು ನಾನೇ ಉಜ್ಜಬಹುದೇ? ದಪ್ಪ ತಂತಿಗಾಗಿ ಕೊರೆದ ಗಾಡಿಯಲ್ಲಿ ತೆಳ್ಳನೆಯ ಕಾರ್ಬನ್ ತಂತಿ ಆಡುವುದಿಲ್ಲವೇ?

ಮರ ಮತ್ತು ಅಂಟು:

ನೀವೇ ಉಜ್ಜಬೇಡಿ. ಗಾಡಿಯ ತಳ ತಂತಿಯ ದಪ್ಪಕ್ಕೆ ತಕ್ಕಂತೆ ದುಂಡಗಿರಬೇಕು, ಹೆಡ್‌ಸ್ಟಾಕಿನ (ಬಿರಡೆಗಳಿರುವ ತುದಿಯ) ಕಡೆಗೆ ಇಳಿಜಾರಾಗಿರಬೇಕು. ಅದಕ್ಕೆ ಅಳತೆಯ ಅರಗಳು ಬೇಕು, ಸಾಮಾನ್ಯ ಅರದಿಂದ ಆಗದು. ಒಂದು ಎಳೆ ಹೆಚ್ಚು ಉಜ್ಜಿದರೂ ಒತ್ತದೆ ಬಿಟ್ಟ ತಂತಿ ಒಂದನೆಯ ಫ್ರೆಟ್ಟಿಗೆ ಬಡಿಯುತ್ತದೆ, ಆಗ ನಟ್ಟನ್ನೇ ಹೊಸದಾಗಿ ಮಾಡಿಸಬೇಕು. ರಿಪೇರಿ ಬಲ್ಲವರಿಗೆ ಇದು ಅರ್ಧ ಗಂಟೆಯ ಕೆಲಸ. ಹೊಸ ತಂತಿಗಳನ್ನು ಕೊಂಡು, ಅವುಗಳನ್ನೇ ಒಯ್ದು, ಆ ತಂತಿಗಳಿಗೇ ಗಾಡಿಯನ್ನು ಹೊಂದಿಸಿಕೊಡಲು ಹೇಳಿ. ನಿಮ್ಮ ಎರಡನೆಯ ಸಂದೇಹವೂ ಅಲ್ಲೇ ತೀರುತ್ತದೆ. ಅಗಲವಾದ ಗಾಡಿಯಲ್ಲಿ ತೆಳ್ಳನೆಯ ತಂತಿ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಗಾಡಿಯ ತಳ ಚಪ್ಪಟೆಯಾಗಿದ್ದರೆ ಮಾತ್ರ ಬಿಟ್ಟ ತಂತಿ ಜುಂಯ್ ಎನ್ನಬಹುದು.

ಇಳಿಶ್ರುತಿ:

ಕಟ್ಟುವಾಗ ಒಂದು ವಿಷಯ. ಬ್ರಿಡ್ಜಿನಲ್ಲಿ ಸುತ್ತು ಇರುವ ಕೆಳಗಿನ ಮೂರು ತಂತಿಗಳಿಗೆ ಒಂದು ಹೆಣಿಕೆ ಸಾಕು, ಅವು ತಾವೇ ಕಚ್ಚಿಕೊಳ್ಳುತ್ತವೆ. ನುಣುಪಾದ ಮೇಲಿನ ಮೂರಕ್ಕೆ ಎರಡು ಮೂರು ಹೆಣಿಕೆ ಹಾಕಿ, ಕೊನೆಯ ಹೆಣಿಕೆ ಬ್ರಿಡ್ಜಿನ ಹಿಂಬದಿಯ ಅಂಚಿನಿಂದ ಕೆಳಗೆ ಬರುವಂತೆ ನೋಡಿಕೊಳ್ಳಿ. ಕಾರ್ಬನ್ ತಂತಿ ನೈಲಾನಿಗಿಂತ ಜಾರುವುದು ಹೆಚ್ಚು. ಗಂಟು ಮೇಲೆಯೇ ನಿಂತರೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಬಿಚ್ಚಿ, ತುದಿ ಚಾಟಿಯಂತೆ ಬೀಸಿ ಹಲಗೆಯ ಮೇಲೆ ಗೀರು ಎಳೆಯುತ್ತದೆ. ನನ್ನ ವಾದ್ಯದ ಮೇಲೆ ಅಂಥ ಎರಡು ಗೀರುಗಳಿವೆ.

ಹೊಸ ನೈಲಾನ್ ತಂತಿ ನಾಲ್ಕೈದು ದಿನ ಹಿಗ್ಗುತ್ತಲೇ ಇರುತ್ತದೆ, ಗಂಟೆಗೊಮ್ಮೆ ಶ್ರುತಿ ಇಳಿದರೆ ಗಾಬರಿಯಾಗಬೇಡಿ. ಕಾರ್ಬನ್ನಿನ ಜಿ ಅದಕ್ಕಿಂತ ಬೇಗ ನಿಲ್ಲುತ್ತದೆ, ಆ ದಿನಗಳಲ್ಲಿ ಉಳಿದವನ್ನು ಅದಕ್ಕೇ ಕೂಡಿಸಿಕೊಳ್ಳಬಹುದು. ಮತ್ತೆ, ಬಾಲಗಳನ್ನು ಈ ಸಲ ಪಕ್ಕದ ತಂತಿಯ ಕುಣಿಕೆಯ ಕೆಳಗೆ ಸಿಕ್ಕಿಸಿಬಿಡಿ. ಆರನೆಯದರ ಬಾಲ ಐದನೆಯದರ ಕೆಳಗೆ, ಐದನೆಯದರದು ನಾಲ್ಕನೆಯದರ ಕೆಳಗೆ, ಹೀಗೆ ಸಾಲಾಗಿ ಹೋದರೆ ಕೊನೆಗೆ ಮೊದಲನೆಯ ತಂತಿಯ ಬಾಲ ಒಂದೇ ಹೊರಗುಳಿಯುತ್ತದೆ. ಅದನ್ನು ಹಲಗೆ ಮುಟ್ಟದಂತೆ ಗಿಡ್ಡಗೆ ಕತ್ತರಿಸಿದರಾಯಿತು.